ಮನಸ್ಸಿನ ಮದ್ದು, ಹೊಟ್ಟೆಯ ಸಂಕಟ

ಖಿನ್ನತೆಯ ಕಾಯಿಲೆಗೆ ವೈದ್ಯರು ಮಾತ್ರೆ ಬರೆದುಕೊಡುತ್ತಾರೆ. ರೋಗಿ ಹೇಗೋ ಧೈರ್ಯ ಮಾಡಿ ಅದನ್ನು ನುಂಗಲು ಆರಂಭಿಸುತ್ತಾನೆ. ಎರಡನೆಯ ದಿನವೋ ಮೂರನೆಯ ದಿನವೋ ಹೊಟ್ಟೆ ತೊಳಸತೊಡಗುತ್ತದೆ. ಮುದ್ದೆ ಕಂಡರೆ ಓಕರಿಕೆ, ಒಗ್ಗರಣೆಯ ವಾಸನೆಗೆ ಸಂಕಟ. ಮನಸ್ಸಿನ ಭಾರ ಮಾತ್ರ ಇದ್ದಲ್ಲೇ ಇದೆ. "ಇದೇನು ಔಷಧಿಯೋ, ವಿಷವೋ? ಬಿಟ್ಟಾಕು ಅತ್ಲಾಗೆ" ಎಂದು ಮನೆಯ ಹಿರಿಯರು ಹೇಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಮಾತ್ರೆಯ ಶೀಟು ಗೋಡೆಗೂಡಿನ ಮೂಲೆ ಸೇರುತ್ತದೆ. ಆಸ್ಪತ್ರೆಗೆ ಮತ್ತೆ ಹೋಗುವ ಮಾತೇ ಇಲ್ಲ.

ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಯಾವ ತಾಲ್ಲೂಕಿಗೆ ಹೋದರೂ ಈ ಕಥೆಗೆ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಆದ್ದರಿಂದ ಈ ವಾರ ಈ ವಿಷಯವನ್ನು ಕುಟುಂಬಗಳು ಕೂಡಿ ಅಭ್ಯಾಸ ಮಾಡಲೆಂದು ಆರಿಸಿಕೊಳ್ಳಲಾಗಿದೆ. ಕಲಿಯಬೇಕಾದುದು ಒಂದೇ ಮಾತು: ಹೊಟ್ಟೆಯ ಸಂಕಟ ಮೊದಲು ಬರುತ್ತದೆ, ಮನಸ್ಸಿನ ಹಗುರ ಆಮೇಲೆ ಬರುತ್ತದೆ. ನಡುವಿನ ಆ ಎರಡು ಮೂರು ವಾರಗಳನ್ನು ರೋಗಿ ಒಬ್ಬನೇ ದಾಟಲಾರ. ಮನೆಯವರು ಕೈಹಿಡಿದು ದಾಟಿಸಬೇಕು.

ಇದು ಸಣ್ಣ ವಿಷಯವೇ?

"ಹೊಟ್ಟೆ ತೊಳಸುವುದೂ ಒಂದು ದೊಡ್ಡ ಕಾಯಿಲೆಯೇ?" ಎಂದು ಕೆಲವರು ಕೇಳಬಹುದು. ಹೊಟ್ಟೆ ತೊಳಸುವುದರಿಂದ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ, ನಿಜ. ಆದರೆ ಅದಕ್ಕೆ ಹೆದರಿ ಮಾತ್ರೆ ಬಿಟ್ಟವರ ಖಿನ್ನತೆ ಹಾಗೆಯೇ ಉಳಿಯುತ್ತದೆ. ಖಿನ್ನತೆಯಿಂದ ಪ್ರಾಣ ಹೋಗುವುದುಂಟು. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಸಾಲು ಸಾಲು ಆತ್ಮಹತ್ಯೆಗಳು ಇಡೀ ನಾಡನ್ನೇ ಕದಡಿದ್ದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಅದಕ್ಕೆ ಸಾಲ, ಬೆಲೆ ಕುಸಿತ, ಕಾರ್ಖಾನೆಯ ಬಾಕಿ ಹೀಗೆ ಹಲವು ಕಾರಣಗಳಿದ್ದವು. ಅವೆಲ್ಲವೂ ಮಾತ್ರೆಯಿಂದ ಪರಿಹಾರವಾಗುವಂಥವಲ್ಲ. ಆದರೂ ಕಷ್ಟದ ಜೊತೆಗೆ ಕಾಯಿಲೆಯೂ ಸೇರಿದಾಗ ಮನುಷ್ಯನಿಗೆ ದಾರಿಯೇ ಕಾಣದಂತಾಗುತ್ತದೆ. ಕಾಯಿಲೆಗೆ ಚಿಕಿತ್ಸೆ ಸಿಕ್ಕರೆ ಕಷ್ಟವನ್ನು ಎದುರಿಸುವ ಬಲವಾದರೂ ಬರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಖಿನ್ನತೆಯುಳ್ಳ 100 ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. ನೂರು ಕುಟುಂಬಗಳ ಒಂದು ಧರ್ಮಕೇಂದ್ರಕ್ಕೆ ಈ ಲೆಕ್ಕವನ್ನು ಹಾಕಿ ನೋಡಿ. ಭಾನುವಾರ ನಮ್ಮ ಪಕ್ಕದ ಬೆಂಚಿನಲ್ಲೇ ಅಂಥವರು ಕುಳಿತಿರುತ್ತಾರೆ. ಎಷ್ಟೋ ಅಡೆತಡೆ ದಾಟಿ ಚಿಕಿತ್ಸೆಗೆ ಹೋದ ಕೆಲವರೂ ಓಕರಿಕೆಗೆ ಅಂಜಿ ಹಿಂದಿರುಗಿದರೆ ಅದು ದೊಡ್ಡ ನಷ್ಟವಲ್ಲವೇ?

ಮನಸ್ಸಿನ ಮಾತ್ರೆ ಹೊಟ್ಟೆಯನ್ನೇಕೆ ಕೆಡಿಸುತ್ತದೆ?

ಇಂದು ಖಿನ್ನತೆಗೆ ಹೆಚ್ಚಾಗಿ ಕೊಡುವ ಮಾತ್ರೆಗಳು ಫ್ಲುಯೋಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್ ಮುಂತಾದವು. ಅಂಗಡಿಯಲ್ಲಿ ಇವು ಬೇರೆ ಬೇರೆ ಕಂಪನಿಯ ಹೆಸರುಗಳಲ್ಲಿ ಸಿಗುತ್ತವೆ. ಶೀಟಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಮೂಲ ಔಷಧದ ಹೆಸರು ಇರುತ್ತದೆ. ಇವು ಸಿರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ನರದಿಂದ ನರಕ್ಕೆ ಸುದ್ದಿ ಮುಟ್ಟಿಸುವ ದೂತರಲ್ಲಿ ಇದೂ ಒಂದು.

ಈ ಸಿರೊಟೋನಿನ್ ಇರುವುದು ಮಿದುಳಿನಲ್ಲಿ ಮಾತ್ರವಲ್ಲ. ನಮ್ಮ ದೇಹದಲ್ಲಿರುವ ಸಿರೊಟೋನಿನ್‌ನಲ್ಲಿ ಸುಮಾರು 90 ಭಾಗ ಜಠರ ಮತ್ತು ಕರುಳಿನಲ್ಲೇ ಇದೆ. ಊಟವನ್ನು ಮುಂದಕ್ಕೆ ತಳ್ಳುವ, ಕೆಟ್ಟದ್ದನ್ನು ಹೊರಹಾಕುವ ಕೆಲಸದಲ್ಲಿ ಅದು ನೆರವಾಗುತ್ತದೆ. ಮಾತ್ರೆ ನುಂಗಿದ ಮೊದಲ ದಿನಗಳಲ್ಲಿ ಅಲ್ಲಿಯೂ ಸಿರೊಟೋನಿನ್‌ನ ಪ್ರಭಾವ ಏರುತ್ತದೆ. ಹೊಟ್ಟೆಯಿಂದ ಮಿದುಳಿಗೆ ಹೋಗುವ ನರವು, ಏನೋ ಸೇರಬಾರದ್ದು ಸೇರಿದೆ ಎಂಬ ಸುದ್ದಿಯನ್ನು ಒಯ್ಯುತ್ತದೆ. ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರ ಎಚ್ಚೆತ್ತುಕೊಳ್ಳುತ್ತದೆ. ಓಕರಿಕೆ ಹುಟ್ಟುವುದು ಹೀಗೆ. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದಾಗಲಿ, ಮಾತ್ರೆ ವಿಷವೆಂದಾಗಲಿ ಇದರ ಅರ್ಥವಲ್ಲ. ಮಾಟ ಮಂತ್ರ ಹೊರಬರುತ್ತಿದೆ ಎಂಬ ಮಾತಂತೂ ಶುದ್ಧ ಮೂಢನಂಬಿಕೆ.

ಎಲ್ಲರಿಗೂ ಹೀಗಾಗುವುದಿಲ್ಲ. ಔಷಧದಿಂದ ಔಷಧಕ್ಕೆ ಲೆಕ್ಕ ಬೇರೆಯಾದರೂ ಸರಿಸುಮಾರು ಐದು ಮಂದಿಯಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎನ್ನಬಹುದು. ಕೆಲವರಿಗೆ ಭೇದಿ, ತಲೆನೋವು, ಬಾಯಿ ಒಣಗುವುದು, ನಿದ್ದೆಯ ಏರುಪೇರು ಸಹ ಇರಬಹುದು. ಹೆಚ್ಚಿನವರಲ್ಲಿ ದೇಹ ಹೊಂದಿಕೊಂಡಂತೆ ಒಂದೆರಡು ವಾರಗಳಲ್ಲಿ ಓಕರಿಕೆ ತಗ್ಗುತ್ತದೆ.

ಮೊದಲ ವಾರಗಳ ಪರೀಕ್ಷೆ

ತೊಂದರೆ ಇರುವುದು ಸಮಯದಲ್ಲಿ. ಓಕರಿಕೆ ಮೊದಲ ದಿನಗಳಲ್ಲೇ ಕಾಣಿಸುತ್ತದೆ. ಮನಸ್ಸಿನ ಮೇಲೆ ಔಷಧದ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಪೂರ್ತಿ ಗುಣ ತಿಳಿಯಲು ಆರರಿಂದ ಎಂಟು ವಾರಗಳೂ ಆಗಬಹುದು. ಆದ್ದರಿಂದ ಮೊದಲ ದಿನಗಳಲ್ಲಿ ರೋಗಿಯ ಪಾಲಿಗೆ ಬರುವುದು ಕಷ್ಟ ಮಾತ್ರ, ಲಾಭವೇನೂ ಇಲ್ಲ. ಖಿನ್ನತೆಯುಳ್ಳವರಿಗೆ ಮೊದಲೇ ಯಾವುದರಲ್ಲೂ ಭರವಸೆ ಇರುವುದಿಲ್ಲ. "ನನಗೆ ಏನು ಮಾಡಿದರೂ ಅಷ್ಟೇ" ಎನ್ನುವವರಿಗೆ ಈ ಓಕರಿಕೆಯೇ ಸಾಕ್ಷಿಯಾಗಿಬಿಡುತ್ತದೆ.

ಇಲ್ಲಿ ಕ್ಷಯರೋಗದ ಉದಾಹರಣೆ ನೆನಪಿಗೆ ಬರುತ್ತದೆ. ಟಿ.ಬಿ. ಮಾತ್ರೆ ನುಂಗಿದವರಿಗೆ ಹೊಟ್ಟೆ ತೊಳಸುತ್ತದೆ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆದರೂ ಊರಿನವರು ಯಾರೂ "ಮಾತ್ರೆ ಬಿಡು" ಎನ್ನುವುದಿಲ್ಲ. ಆರು ತಿಂಗಳು ಬಿಡದೆ ನುಂಗಬೇಕು ಎಂಬುದು ಎಲ್ಲರಿಗೂ ಗೊತ್ತು. ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸುತ್ತಾಳೆ. ಖಿನ್ನತೆಯ ಮಾತ್ರೆಗೂ ಇಂಥದೇ ಬೆಂಬಲ ಬೇಕು. ವಿಶೇಷವೇನೆಂದರೆ, ಖಿನ್ನತೆಯ ಮೊದಲ ಮಾತ್ರೆಗಳಲ್ಲೊಂದು ದೊರೆತದ್ದೇ ಕ್ಷಯರೋಗದ ಆಸ್ಪತ್ರೆಯಲ್ಲಿ. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಇಪ್ರೊನಿಯಾಜಿಡ್ ಎಂಬ ಔಷಧವನ್ನು ಕ್ಷಯರೋಗಿಗಳಿಗೆ ಕೊಟ್ಟಾಗ, ಅವರ ಮನಸ್ಸು ಗೆಲುವಾದುದನ್ನು ವೈದ್ಯರು ಗಮನಿಸಿದರು. ಅಲ್ಲಿಂದ ಈ ಚಿಕಿತ್ಸೆ ಬೆಳೆಯುತ್ತಾ ಬಂದಿತು.

ಮನೆಯಲ್ಲಿ ಏನು ಮಾಡಬಹುದು?

1. ಬರಿ ಹೊಟ್ಟೆಗೆ ಮಾತ್ರೆ ಬೇಡ. ಬೇರೆ ರೀತಿ ಹೇಳಿಲ್ಲವಾದರೆ ತಿಂಡಿಯ ಅಥವಾ ಊಟದ ನಂತರ ನುಂಗುವುದು ಒಳ್ಳೆಯದು. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಕುಡಿದು ಮಾತ್ರೆ ನುಂಗಿ ಗದ್ದೆಗೆ ಹೊರಡುವ ರೂಢಿ ಓಕರಿಕೆಯನ್ನು ಹೆಚ್ಚಿಸುತ್ತದೆ. ಎರಡು ಇಡ್ಲಿಯೋ, ಒಂದು ಬಟ್ಟಲು ಗಂಜಿಯೋ ಹೊಟ್ಟೆಗೆ ಹೋಗಲಿ.

2. ಹೊತ್ತನ್ನು ವೈದ್ಯರೊಡನೆ ಮಾತಾಡಿ ಬದಲಿಸಬಹುದು. ಕೆಲವರಿಗೆ ರಾತ್ರಿ ಊಟದ ನಂತರ ನುಂಗಿದರೆ ಓಕರಿಕೆಯ ಹೊತ್ತು ನಿದ್ದೆಯಲ್ಲೇ ಕಳೆದುಹೋಗುತ್ತದೆ. ಆದರೆ ಫ್ಲುಯೋಕ್ಸೆಟಿನ್‌ನಂಥ ಮಾತ್ರೆ ಕೆಲವರ ನಿದ್ದೆ ಕೆಡಿಸುವುದರಿಂದ ಅದನ್ನು ಹೆಚ್ಚಾಗಿ ಬೆಳಿಗ್ಗೆ ಕೊಡುತ್ತಾರೆ. ಹೊತ್ತು ಬದಲಿಸುವ ದಿನ ಅಪ್ಪಿತಪ್ಪಿ ಎರಡು ಮಾತ್ರೆ ನುಂಗಬಾರದು.

3. ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣುವುದು. ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟಗಳು ಸಾಕು. ತಟ್ಟೆ ತುಂಬ ಮುದ್ದೆ ಇಟ್ಟು "ಉಣ್ಣಲೇಬೇಕು" ಎಂದು ಒತ್ತಾಯಿಸಬೇಡಿ. ತೆಳ್ಳನೆಯ ರಾಗಿ ಅಂಬಲಿ, ಮಜ್ಜಿಗೆ ಅನ್ನ, ತಿಳಿಸಾರು, ಬಾಳೆಹಣ್ಣು, ಬ್ರೆಡ್ಡು ಹಿತವಾಗಿರುತ್ತವೆ. ಎಣ್ಣೆಯಲ್ಲಿ ಕರಿದದ್ದು, ಖಾರದ ಸಾರು, ಮಸಾಲೆಯ ಬಾಡೂಟ ಆ ಕೆಲವು ದಿನ ದೂರವಿರಲಿ.

4. ವಾಸನೆಯಿಂದ ದೂರ. ಒಗ್ಗರಣೆ ಹಾಕುವಾಗ ರೋಗಿ ಹೊರಗೆ ಗಾಳಿಯಲ್ಲಿ ಕುಳಿತಿರಲಿ. ಮನೆಯಲ್ಲಿ ಅಡುಗೆ ಮಾಡುವವಳೇ ರೋಗಿಯಾದರೆ ಎರಡು ವಾರ ಒಲೆಯ ಮುಂದಿನ ಕೆಲಸವನ್ನು ಗಂಡನೋ ಮಕ್ಕಳೋ ವಹಿಸಿಕೊಳ್ಳಲಿ. ಇದು ಔಷಧದಷ್ಟೇ ಮುಖ್ಯ.

5. ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು. ಜೀರಿಗೆ ಕುದಿಸಿದ ನೀರು, ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಪಾನಕ ಆಗುತ್ತದೆ. ಹಿತವೆನಿಸಿದರೆ ಸ್ವಲ್ಪ ಶುಂಠಿ ಕಷಾಯ ಕುಡಿಯಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಶುಂಠಿಯನ್ನು ಅತಿಯಾಗಿ ಬಳಸದಿರಲಿ. ಬಾಯಲ್ಲಿ ಒಂದು ಏಲಕ್ಕಿ ಇಟ್ಟುಕೊಂಡರೂ ಕೆಲವರಿಗೆ ಸಮಾಧಾನ. ಉಂಡ ಕೂಡಲೇ ಅಡ್ಡ ಬೀಳದೆ ಅರ್ಧ ಗಂಟೆ ಕುಳಿತಿರುವುದು ಲೇಸು.

6. ಬಸ್ಸಿನ ಪ್ರಯಾಣ. ಮಂಡ್ಯಕ್ಕೋ ಮೈಸೂರಿಗೋ ಆಸ್ಪತ್ರೆಗೆ ಹೋಗುವ ದಿನ ಎಷ್ಟೋ ಮಂದಿ ಏನೂ ತಿನ್ನದೆ ಮೊದಲ ಬಸ್ಸು ಹತ್ತುತ್ತಾರೆ. ಖಾಲಿ ಹೊಟ್ಟೆ, ಡೀಸೆಲ್ ವಾಸನೆ, ರಸ್ತೆಯ ಕುಲುಕಾಟ, ಎಲ್ಲ ಸೇರಿ ವಾಂತಿಯಾಗುತ್ತದೆ. ಬಯ್ಯಿಸಿಕೊಳ್ಳುವುದು ಮಾತ್ರೆ! ಸ್ವಲ್ಪ ತಿಂದು ಹೊರಡಿ, ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳಿ.

7. ಬರೆದಿಡುವುದು. ಹಳೆಯ ನೋಟುಪುಸ್ತಕವೊಂದರಲ್ಲಿ ಮಾತ್ರೆ ನುಂಗಿದ ಹೊತ್ತು, ಓಕರಿಕೆ ಬಂದ ಹೊತ್ತು, ಉಂಡದ್ದು, ಮಲಗಿದ್ದು ಇಷ್ಟನ್ನು ದಿನಕ್ಕೆ ಒಂದು ಸಾಲು ಬರೆಯಿರಿ. ವಾರದ ಕೊನೆಗೆ ಓದಿದಾಗ ಸಂಕಟ ಇಳಿಯುತ್ತಿದೆಯೇ ಏರುತ್ತಿದೆಯೇ ಎಂಬುದು ತಿಳಿಯುತ್ತದೆ. ವೈದ್ಯರಿಗೂ ಅದು ಬಹಳ ಉಪಯುಕ್ತ.

ಏನು ಮಾಡಬಾರದು?

ತಾನಾಗಿಯೇ ಮಾತ್ರೆ ನಿಲ್ಲಿಸಬಾರದು. ಹಲವು ದಿನ ನುಂಗಿ ಥಟ್ಟನೆ ಬಿಟ್ಟರೆ ಅದರಿಂದಲೇ ಓಕರಿಕೆ, ತಲೆ ತಿರುಗು, ಮೈಯಲ್ಲಿ ಕರೆಂಟು ಹೊಡೆದಂಥ ಅನುಭವ, ಸಿಡುಕು ಬರಬಹುದು. ಪ್ಯಾರೊಕ್ಸೆಟಿನ್, ವೆನ್‌ಲಫ್ಯಾಕ್ಸಿನ್ ಮಾತ್ರೆಗಳಲ್ಲಿ ಇದು ಹೆಚ್ಚು. ಇದನ್ನು ಕಂಡು "ಮಾತ್ರೆಯ ಚಟ ಹತ್ತಿದೆ" ಎಂದುಕೊಳ್ಳುವವರುಂಟು. ಕುಡಿತದಂತೆ ಇನ್ನೂ ಬೇಕು, ಇನ್ನೂ ಬೇಕು ಎನ್ನಿಸುವ ಚಟ ಇದಲ್ಲ. ದೇಹ ಹೊಂದಿಕೊಂಡಿರುವುದರಿಂದ, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ಮೆಟ್ಟಿಲಿಳಿದಂತೆ ನಿಧಾನವಾಗಿ ಇಳಿಸಬೇಕು, ಅಷ್ಟೆ.

ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ವಾಂತಿಯಲ್ಲಿ ಮಾತ್ರೆ ಹೊರಬಂದಿತೆಂದು ಕೇಳದೆ ಇನ್ನೊಂದು ನುಂಗಬಾರದು. ಕ್ಯಾಪ್ಸೂಲನ್ನು ಬಿಡಿಸಿ ನೀರಿನಲ್ಲಿ ಕದಡಿ ಕೊಡಬಾರದು. ಅವುಗಳಲ್ಲಿ ಕೆಲವು ನಿಧಾನವಾಗಿ ಕರಗಲೆಂದೇ ಮಾಡಿದಂಥವು.

ಮೈಕೈ ನೋವಿಗೆಂದು ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಖಿನ್ನತೆಯ ಮಾತ್ರೆಯ ಜೊತೆ ಇವು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಟ್ರಮಡಾಲ್ ಎಂಬ ನೋವಿನ ಮಾತ್ರೆ ಸೇರಿದರೆ ಸಿರೊಟೋನಿನ್ ಮಿತಿಮೀರಬಹುದು. ವಾಂತಿ ನಿಲ್ಲಿಸುವ ಮಾತ್ರೆಯನ್ನು ಸಹ ಕೇಳದೆ ತರಬೇಡಿ. ಡೊಂಪೆರಿಡೋನ್, ಒಂಡಾನ್‌ಸೆಟ್ರಾನ್ ಮುಂತಾದವು ಎಸ್ಸಿಟಾಲೋಪ್ರಾಮ್‌ನೊಂದಿಗೆ ಸೇರಿ ಕೆಲವರ ಹೃದಯದ ಬಡಿತದಲ್ಲಿ ಏರುಪೇರು ಮಾಡಬಲ್ಲವು. ಯಾವ ಆಸ್ಪತ್ರೆಗೆ ಹೋದರೂ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಮದ್ಯಪಾನವಂತೂ ಬೇಡವೇ ಬೇಡ. ಅದು ಹೊಟ್ಟೆಯನ್ನೂ ಕೆಡಿಸುತ್ತದೆ, ಖಿನ್ನತೆಯನ್ನೂ ಬೆಳೆಸುತ್ತದೆ.

ವೈದ್ಯರು ಏನು ಮಾಡಬಲ್ಲರು?

ಮೇಲೆ ಹೇಳಿದ್ದನ್ನೆಲ್ಲ ಮಾಡಿಯೂ ಓಕರಿಕೆ ತಗ್ಗದಿದ್ದರೆ ಸುಮ್ಮನೆ ಸಹಿಸಿಕೊಂಡಿರಬೇಕಾಗಿಲ್ಲ. ವೈದ್ಯರಲ್ಲಿ ಹಲವು ದಾರಿಗಳಿವೆ. ಪ್ರಮಾಣವನ್ನು ಅರ್ಧಕ್ಕಿಳಿಸಿ ನಿಧಾನವಾಗಿ ಏರಿಸಬಹುದು. ಕೆಲವು ದಿನಗಳ ಮಟ್ಟಿಗೆ ತಕ್ಕ ವಾಂತಿ ಮಾತ್ರೆ ಕೊಡಬಹುದು. ಔಷಧವನ್ನೇ ಬದಲಿಸಬಹುದು. ಮಿರ್ಟಾಜಪಿನ್‌ನಂಥ ಮಾತ್ರೆಯಲ್ಲಿ ಓಕರಿಕೆ ಕಡಿಮೆ, ಆದರೆ ನಿದ್ದೆ ಮತ್ತು ಹಸಿವು ಹೆಚ್ಚುತ್ತವೆ. ಹಳೆಯ ಕಾಲದ ಅಮಿಟ್ರಿಪ್ಟಿಲಿನ್‌ನಲ್ಲಿ ಓಕರಿಕೆ ಕಡಿಮೆಯಾದರೂ ಬಾಯಿ ಒಣಗುವುದು, ಮಲಬದ್ಧತೆ ಉಂಟು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ. ಸೌಮ್ಯವಾದ ಖಿನ್ನತೆಗೆ ಮಾತ್ರೆಯಿಲ್ಲದೆ ಆಪ್ತಸಮಾಲೋಚನೆಯಿಂದಲೇ ಗುಣವಾಗುವುದೂ ಉಂಟು. ಇದನ್ನು ನಿರ್ಧರಿಸಬೇಕಾದವರು ವೈದ್ಯರು, ನೆರೆಮನೆಯವರಲ್ಲ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಕುಡಿದ ನೀರೂ ನಿಲ್ಲದಷ್ಟು ವಾಂತಿ. ವಾಂತಿಯಲ್ಲಿ ರಕ್ತ ಅಥವಾ ಡಾಂಬರಿನಂತೆ ಕಪ್ಪು ಮಲ. ಜ್ವರ, ಮೈ ನಡುಕ, ವಿಪರೀತ ಬೆವರು, ಚಡಪಡಿಕೆ ಒಟ್ಟಿಗೆ ಕಾಣುವುದು. ವಯಸ್ಸಾದವರಲ್ಲಿ ಓಕರಿಕೆಯ ಜೊತೆ ತಲೆನೋವು, ಮಂಕು, ತಡವರಿಸುವ ಮಾತು. ಈ ಕೊನೆಯದು ರಕ್ತದಲ್ಲಿ ಸೋಡಿಯಂ ಎಂಬ ಉಪ್ಪಿನಂಶ ಇಳಿದಿರುವುದರ ಗುರುತಾಗಿರಬಹುದು. ಸಕ್ಕರೆ ಕಾಯಿಲೆಯವರು ಊಟ ಮಾಡದೆ ಸಕ್ಕರೆಯ ಮಾತ್ರೆ ನುಂಗಿದರೆ ಸಕ್ಕರೆ ತೀರಾ ಕುಸಿಯಬಹುದು. ಮುಟ್ಟು ನಿಂತಿರುವ ಹೆಣ್ಣುಮಗಳ ಓಕರಿಕೆ ಬಸಿರಿನದೂ ಆಗಿರಬಹುದು. ಆಗಲೂ ತಾನಾಗಿ ಮಾತ್ರೆ ಬಿಡದೆ ವೈದ್ಯರನ್ನು ಕಾಣಬೇಕು.

ಇನ್ನೊಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯವಾದುದು. ಮೊದಲ ವಾರಗಳಲ್ಲಿ, ವಿಶೇಷವಾಗಿ 25 ವರ್ಷದೊಳಗಿನವರಲ್ಲಿ, ಸಾಯುವ ಯೋಚನೆ ಹೆಚ್ಚಬಹುದು. ಚಡಪಡಿಕೆ, ನಿದ್ದೆಯಿಲ್ಲದಿರುವುದು, ವಿದಾಯದಂಥ ಮಾತುಗಳು ಕಂಡರೆ ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರಿಗೆ ತಿಳಿಸಿ. ಹೊಲಕ್ಕೆ ತಂದ ಕೀಟನಾಶಕ ಮನೆಯಲ್ಲಿ ಇರಲೇಬಾರದು. ಮಾತ್ರೆಯ ಶೀಟುಗಳೂ ಮನೆಯ ಜವಾಬ್ದಾರಿಯುತರೊಬ್ಬರ ಕೈಯಲ್ಲಿರಲಿ.

ಉಪವಾಸ ಮತ್ತು ಪರಮಪ್ರಸಾದ

ಊಟದ ನಂತರ ಮಾತ್ರೆ ಎಂದಾಗ ಭಕ್ತಾದಿಗಳಲ್ಲಿ ಒಂದು ಸಂಶಯ ಏಳುತ್ತದೆ. ಭಾನುವಾರ ಬೆಳಗಿನ ಬಲಿಪೂಜೆಗೆ ತಿಂದು ಹೋದರೆ ಪರಮಪ್ರಸಾದ ಸ್ವೀಕರಿಸಬಹುದೇ? ಈ ಸಂಶಯದಿಂದ ಭಾನುವಾರದ ಮಾತ್ರೆ ತಪ್ಪಿಸುವವರಿದ್ದಾರೆ. ಬರಿ ಹೊಟ್ಟೆಗೆ ನುಂಗಿ ದೇವಾಲಯದಲ್ಲಿ ಸಂಕಟಪಡುವವರೂ ಇದ್ದಾರೆ.

ಮಧ್ಯರಾತ್ರಿಯಿಂದ ಏನನ್ನೂ ಮುಟ್ಟಬಾರದೆಂಬುದು ನಮ್ಮ ಅಜ್ಜ ಅಜ್ಜಿಯರ ಕಾಲದ ನಿಯಮ. ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1953ರಲ್ಲಿ ಮತ್ತು 1957ರಲ್ಲಿ ಅದನ್ನು ಸಡಿಲಿಸಿದರು. ಆರನೆಯ ಪೌಲ್ ಜಗದ್ಗುರುಗಳು 1964ರಲ್ಲಿ ಒಂದು ಗಂಟೆಗೆ ಇಳಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ವಿಧಿಯ ಪ್ರಕಾರ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಉಪವಾಸವಿದ್ದರೆ ಸಾಕು. ನೀರು ಮತ್ತು ಔಷಧ ಉಪವಾಸವನ್ನು ಮುರಿಯುವುದಿಲ್ಲ. ಅದೇ ವಿಧಿ ಇನ್ನೂ ಒಂದು ಮಾತು ಹೇಳುತ್ತದೆ: ವೃದ್ಧರು, ರೋಗಿಗಳು ಮತ್ತು ಅವರನ್ನು ನೋಡಿಕೊಳ್ಳುವವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಖಿನ್ನತೆಯೂ ಕಾಯಿಲೆಯೇ. ಆದ್ದರಿಂದ ಅಳುಕದೆ ತಿಂದು, ಮಾತ್ರೆ ನುಂಗಿ, ಬಲಿಪೂಜೆಗೆ ಬನ್ನಿ. ಓಕರಿಕೆ ಬಂದರೆ ಎದ್ದು ಹೋಗಲು ಅನುಕೂಲವಾಗುವಂತೆ ಬಾಗಿಲ ಬಳಿ ಕುಳಿತರೆ ಅದು ಅಗೌರವವಲ್ಲ. ವಿಭೂತಿ ಬುಧವಾರ, ಶುಭ ಶುಕ್ರವಾರಗಳ ಉಪವಾಸವೂ ರೋಗಿಯನ್ನು ಕಟ್ಟಿಹಾಕುವುದಿಲ್ಲ. ಆ ದಿನಗಳಲ್ಲಿ ಮಾತ್ರೆಯನ್ನು ತಪ್ಪದೆ ನುಂಗುವುದೇ ಅವರ ಪಾಲಿನ ಶಿಸ್ತಾಗಲಿ.

ಪ್ರಾರ್ಥನೆಯೋ, ಮಾತ್ರೆಯೋ?

"ವಿಶ್ವಾಸವಿದ್ದರೆ ಮಾತ್ರೆ ಏಕೆ?" ಎಂಬ ಮಾತು ನಮ್ಮ ನಡುವೆಯೇ ಕೇಳಿಬರುತ್ತದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಮನೆಯಲ್ಲಿ ಓದಿ. ಔಷಧಗಳನ್ನು ಭೂಮಿಯಿಂದ ಹುಟ್ಟಿಸಿದವನು ದೇವರೇ, ವಿವೇಕಿಯು ಅವನ್ನು ಹೀಗಳೆಯುವುದಿಲ್ಲ ಎಂಬ ಬೋಧನೆ ಅಲ್ಲಿದೆ. ಕಾಯಿಲೆ ಬಿದ್ದಾಗ ಪ್ರಾರ್ಥಿಸು ಎನ್ನುವ ಆ ಜ್ಞಾನಿ, ಆಮೇಲೆ ವೈದ್ಯನಿಗೂ ಜಾಗ ಕೊಡು ಎನ್ನುತ್ತಾನೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಹೇಳುವುದಿಲ್ಲ. ಸಂತ ಪೌಲನು ಸಹ ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ ಅವನ ಹೊಟ್ಟೆಯ ತೊಂದರೆಯನ್ನು ನೆನೆದು, ಆ ಕಾಲಕ್ಕೆ ಮದ್ದೆನಿಸಿದ್ದ ಸ್ವಲ್ಪ ದ್ರಾಕ್ಷಾರಸವನ್ನು ಸೂಚಿಸುತ್ತಾನೆ. ಶಿಷ್ಯನ ಹೊಟ್ಟೆಯ ಸಂಕಟ ಪ್ರೇಷಿತನಿಗೆ ಕ್ಷುಲ್ಲಕವೆನಿಸಲಿಲ್ಲ.

ಪ್ರವಾದಿ ಎಲೀಯನ ಪ್ರಸಂಗ ಇನ್ನೂ ಹತ್ತಿರದ್ದು. ಸಾಕಾಗಿ ಹೋಗಿ, ಪೊದೆಯ ಕೆಳಗೆ ಕುಳಿತು, ಸಾವನ್ನೇ ಬೇಡಿದವನು ಅವನು. ದೇವದೂತನು ಅವನನ್ನು ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಎಲೀಯನು ಉಂಡು ಮತ್ತೆ ಮಲಗಿದನು. ದೂತನು ಎರಡನೆಯ ಬಾರಿಯೂ ಬಂದು, ದಾರಿ ದೂರವಿದೆ ಎಂದು ಮತ್ತೆ ಉಣಿಸಿದನು. ಸಾವನ್ನು ಬೇಡುವವನಿಗೆ ಮೊದಲು ಬೇಕಾದುದು ತುತ್ತು, ನೀರು, ನಿದ್ದೆ, ಮತ್ತು ತಾಳ್ಮೆಯಿಂದ ಎರಡನೆಯ ಸಲವೂ ಬರುವ ಒಬ್ಬರು. ಸಂತ ತೋಮಸ್ ಅಕ್ವಿನಾಸರು ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಕಣ್ಣೀರು, ಗೆಳೆಯರ ಅನುಕಂಪ, ಸತ್ಯದ ಚಿಂತನೆಗಳ ಜೊತೆಗೆ ನಿದ್ದೆ ಮತ್ತು ಸ್ನಾನವನ್ನೂ ಸೇರಿಸಿದ್ದಾರೆ. ಆತ್ಮ, ದೇಹಗಳು ಸೇರಿ ಒಬ್ಬನೇ ಮನುಷ್ಯ ಎಂಬುದು ಅವರ ತತ್ತ್ವ. ಹಾಗಿರುವಾಗ ದೇಹಕ್ಕೆ ಕೊಟ್ಟ ಮದ್ದು ಮನಸ್ಸಿಗೆ ಮುಟ್ಟುವುದರಲ್ಲಿ ಅಚ್ಚರಿಯೇನು?

ನಮ್ಮ ನೆಲದಲ್ಲೇ ಒಂದು ಮಾದರಿಯಿದೆ. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಅಲ್ಲಿ ಉಳಿದಿದ್ದ ಕ್ರೈಸ್ತರ ನಡುವೆ ಸೇವೆಗೆ ಬಂದವರು ಫ್ರೆಂಚ್ ಗುರು ಅಬ್ಬೆ ದುಬ್ವಾ. ಜನ ಅವರನ್ನು ದೊಡ್ಡ ಸ್ವಾಮಿಯವರು ಎನ್ನುತ್ತಿದ್ದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಪದ್ಧತಿ ಮೈಸೂರು ಸೀಮೆಗೆ ಹೊಸದಾಗಿದ್ದಾಗ ಅದನ್ನು ಜನರಲ್ಲಿ ಹರಡಲು ಅವರು ದುಡಿದರು. ದೇವಿ ಹಾಕಿಸಿದ ತೋಳು ಕೆಲವು ದಿನ ನೋಯುತ್ತದೆ, ಜ್ವರ ಬರುತ್ತದೆ. ಆ ಕೆಲವು ದಿನಗಳನ್ನು ತಾಳಿಕೊಂಡವರು ಮಹಾಮಾರಿಯಿಂದ ಉಳಿದರು. ಪ್ರಾರ್ಥನೆಯನ್ನೂ ಮದ್ದನ್ನೂ ಒಟ್ಟಿಗೆ ಹಿಡಿದು ಮನೆಮನೆಗೆ ಹೋದ ಗುರುಗಳ ನೆರಳಿನಲ್ಲಿ ಬೆಳೆದ ನಾವು, ಮದ್ದನ್ನು ಅವಿಶ್ವಾಸವೆನ್ನುವುದು ತರವಲ್ಲ.

ನೆರೆಹೊರೆಯ ಕರ್ತವ್ಯ

ಮಾನಸಿಕ ಕಾಯಿಲೆಯವರೂ ಎಂದೆಂದಿಗೂ ದೇವರ ಪ್ರತಿರೂಪವನ್ನು ಹೊತ್ತವರು ಎಂದು ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1996ರಲ್ಲಿ ಒತ್ತಿ ಹೇಳಿದ್ದರು. "ಹುಚ್ಚರ ಮಾತ್ರೆ" ಎಂಬ ಮಾತು ಕ್ರೈಸ್ತ ಮನೆಯಲ್ಲಿ ಕೇಳಿಬರಬಾರದು. ಮಾತ್ರೆ ಆರಂಭಿಸಿದವರ ಮನೆಗೆ ಹೋದರೆ ಬುದ್ಧಿವಾದ ಹೇಳಬೇಡಿ. ಒಂದು ಪಾತ್ರೆ ತಿಳಿಸಾರು ಒಯ್ಯಿರಿ. "ಹೊಟ್ಟೆ ಹೇಗಿದೆ ಅಕ್ಕಾ? ಇನ್ನೊಂದು ವಾರ ನೋಡೋಣ, ನಾನೂ ಆಸ್ಪತ್ರೆಗೆ ಜೊತೆಗೆ ಬರ್ತೀನಿ" ಎಂದರೆ ಸಾಕು. ಒಪ್ಪಿದರೆ ಪಕ್ಕದಲ್ಲಿ ಕುಳಿತು ಒಂದು ಜಪಮಾಲೆ ಹೇಳಿ. ಒಪ್ಪದಿದ್ದರೆ ಸುಮ್ಮನೆ ಕುಳಿತಿರಿ.

ಸಹಾಯ ದೂರದಲ್ಲಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆಯ ಏರ್ಪಾಡು ಮಾಡಲಾಗಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಮಂಡ್ಯದ ಮಿಮ್ಸ್ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಇವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ನಡುರಾತ್ರಿ ಮನಸ್ಸು ತೀರಾ ಕುಸಿದಾಗ ಬೆಳಗಾಗುವವರೆಗೆ ಕಾಯಬೇಕಾಗಿಲ್ಲ.

ಕುಟುಂಬದಲ್ಲಿ ಕೂಡಿ ಆಲೋಚಿಸಲು

1. ನಮ್ಮ ಮನೆಯಲ್ಲಿ ಯಾರಾದರೂ ಯಾವುದೇ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟಿದ್ದಾರೆಯೇ? ಏಕೆ ಬಿಟ್ಟರೆಂದು ನಾವು ಕೇಳಿದ್ದೇವೆಯೇ?

2. ಟಿ.ಬಿ. ರೋಗಿಗೆ ಕೊಡುವ ಬೆಂಬಲವನ್ನು ಖಿನ್ನತೆಯ ರೋಗಿಗೆ ಕೊಡಲು ನಮಗೆ ಅಡ್ಡಿಯಾಗುವುದೇನು?

3. ಅಡುಗೆ, ಆಸ್ಪತ್ರೆಗೆ ಜೊತೆ ಹೋಗುವುದು, ಮಕ್ಕಳನ್ನು ನೋಡಿಕೊಳ್ಳುವುದು. ಇವುಗಳಲ್ಲಿ ಯಾವುದನ್ನು ಎರಡು ವಾರಗಳ ಮಟ್ಟಿಗೆ ನಾವು ನೆರೆಯವರಿಗಾಗಿ ವಹಿಸಿಕೊಳ್ಳಬಲ್ಲೆವು?

4. ಅರಸುಗಳ ಮೊದಲ ಗ್ರಂಥದ 19ನೆಯ ಅಧ್ಯಾಯದ ಮೊದಲ ಎಂಟು ವಚನಗಳನ್ನು ಓದಿರಿ. ದೇವದೂತನು ಎರಡು ಬಾರಿ ಬಂದುದೇಕೆ?

ಮಾತ್ರೆ ಆರಂಭಿಸಿದ ನಾಲ್ಕೈದನೆಯ ದಿನ ಓಕರಿಸುತ್ತಾ ಕುಳಿತಿರುವವರು ಈ ಪುಟವನ್ನು ಓದುತ್ತಿದ್ದರೆ, ಅವರಿಗೆ ಒಂದು ಮಾತು: ಈ ಸಂಕಟ ಹೆಚ್ಚಿನವರಲ್ಲಿ ಇಳಿಯುತ್ತದೆ. ಇಂದು ಸ್ವಲ್ಪ ಗಂಜಿ ಕುಡಿದು ಮಾತ್ರೆ ನುಂಗಿ. ಸಂಕಟ ಇಳಿಯದಿದ್ದರೆ ನಾಳೆ ವೈದ್ಯರಿಗೆ ಹೇಳಿ. ಮಾತ್ರೆಯನ್ನು ಬಿಡಬೇಕೋ ಬೇಡವೋ ಎಂಬುದನ್ನು ಒಬ್ಬರೇ ಕುಳಿತು ತೀರ್ಮಾನಿಸಬೇಡಿ.